ಕಸ ಗುಡಿಸುವ ರೋಬೋಟ್ ಏಕೆ ನಿಲ್ಲುತ್ತದೆ?

2002ರಲ್ಲಿ ರೂಂಬಾ ಎಂಬ ಕಸ ಗುಡಿಸುವ ರೋಬೋಟನ್ನು ಮಾರುಕಟ್ಟೆಗೆ ತಂದ ಅಮೆರಿಕದ ಐರೋಬಾಟ್ ಕಂಪನಿ, 2025ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಇಂಥ ಯಂತ್ರ ಮನೆಯಲ್ಲಿರುವವರಿಗೆ ಆಗ ಏಳುವ ಪ್ರಶ್ನೆ ಒಂದೇ: ಇನ್ನು ಕೆಟ್ಟರೆ ರಿಪೇರಿ ಮಾಡುವವರು ಯಾರು? ಹೆಚ್ಚಿನ ಸಲ ಮನೆಯವರೇ ಮಾಡಬಹುದು ಎನ್ನುವುದು ನನ್ನ ಉತ್ತರ. ಏಕೆಂದರೆ ನಿಂತುಹೋದ ರೋಬೋಟ್ ಅನೇಕ ಸಲ ಕೆಟ್ಟಿರುವುದೇ ಇಲ್ಲ; ಅದರ ಸೆನ್ಸರುಗಳು ಕೊಟ್ಟ ತಪ್ಪು ಮಾಹಿತಿಯನ್ನು ನಂಬಿ ಸುಮ್ಮನಾಗಿರುತ್ತದೆ.

ಯಂತ್ರವನ್ನು ಮಗುಚಿದರೆ ಅಂಚಿನ ಉದ್ದಕ್ಕೂ ಚಿಕ್ಕ ಕಿಟಕಿಗಳು ಕಾಣುತ್ತವೆ. ಒಳಗಿನ ಎಲ್‌ಇಡಿ ಅವುಗಳ ಮೂಲಕ ನೆಲಕ್ಕೆ ಅವಗೆಂಪು ಬೆಳಕು ಚೆಲ್ಲುತ್ತದೆ, ಪಕ್ಕದ ಗ್ರಾಹಕ ಮರಳಿ ಬಂದ ಬೆಳಕನ್ನು ಅಳೆಯುತ್ತದೆ. ಬೆಳಕು ಮರಳದಿದ್ದರೆ ಮುಂದೆ ಮೆಟ್ಟಿಲಿದೆ ಎಂದುಕೊಂಡು ಯಂತ್ರ ಹಿಂದೆ ಸರಿಯುತ್ತದೆ. ಕಿಟಕಿಯ ಮೇಲೆ ಧೂಳು ಕಟ್ಟಿದರೂ ಬೆಳಕು ಮರಳುವುದಿಲ್ಲ. ಆಗ ಸಮತಟ್ಟಾದ ಹಾಲ್ ಕೂಡ ಅದಕ್ಕೆ ಹಳ್ಳವೇ. ಕಡುಗಪ್ಪು ಚಾಪೆ ಅವಗೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಅಲ್ಲೂ ಇದೇ ಕಥೆ. ಧೂಳು ಕಾರಣವಾದರೆ ಬೋರ್ಡ್ ಬದಲಿಸಬೇಕಿಲ್ಲ, ಒಣ ಮೆತ್ತನೆ ಬಟ್ಟೆ ಸಾಕು. ಕಿಟಕಿಗೆ ಬಿಳಿ ಟೇಪ್ ಅಂಟಿಸಿದರೆ ಕಪ್ಪು ಚಾಪೆಯ ತೊಂದರೆ ತಪ್ಪುತ್ತದೆ ಎನ್ನುವವರಿದ್ದಾರೆ. ತಪ್ಪುವುದು ನಿಜ, ಆದರೆ ಅದರೊಂದಿಗೆ ನಿಜವಾದ ಮೆಟ್ಟಿಲನ್ನು ಗುರುತಿಸುವ ಶಕ್ತಿಯೂ ಹೋಗುತ್ತದೆ. ಮಹಡಿ ಮನೆಯಲ್ಲಿ ಆ ಉಪಾಯ ಬೇಡವೇ ಬೇಡ.

ಮುಂದಿನ ಪುಟ್ಟ ಚಕ್ರದ ಕಥೆ ಇನ್ನೂ ಸ್ವಾರಸ್ಯಕರ. ಹಲವು ರೂಂಬಾಗಳಲ್ಲಿ ಅದು ಅರ್ಧ ಕಪ್ಪು, ಅರ್ಧ ಬಿಳಿ. ಚಕ್ರ ಉರುಳಿದಂತೆ ಬಣ್ಣ ಬದಲಾಗುವುದನ್ನು ಬೆಳಕಿನ ಸೆನ್ಸರ್ ಗಮನಿಸುತ್ತದೆ. ತಾನು ನಿಜಕ್ಕೂ ಚಲಿಸುತ್ತಿದ್ದೇನೆಯೇ ಎಂಬುದು ಯಂತ್ರಕ್ಕೆ ತಿಳಿಯುವುದು ಹೀಗೆ. ಉದ್ದ ಕೂದಲು ಅಚ್ಚಿಗೆ ಸುತ್ತಿಕೊಂಡು ಚಕ್ರ ತಿರುಗದಿದ್ದರೆ, ದೊಡ್ಡ ಚಕ್ರಗಳು ಸರಿಯಾಗಿ ಓಡುತ್ತಿದ್ದರೂ ಸಿಕ್ಕಿಹಾಕಿಕೊಂಡೆ ಎಂದು ಅದು ತೀರ್ಮಾನಿಸುತ್ತದೆ. ಚಕ್ರವನ್ನು ಎಳೆದು ತೆಗೆದು ಕೂದಲು ಕತ್ತರಿಸಿದರೆ ದೋಷ ಮಾಯ. ಬ್ರಷ್ಷಿನ ಎರಡೂ ತುದಿಗಳಲ್ಲಿ ಕೂದಲು ಸೇರಿದಾಗ ಮಾತ್ರ ಹಾನಿ ನಿಜವಾದದ್ದು: ಘರ್ಷಣೆ ಹೆಚ್ಚಿ, ಮೋಟಾರು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ರಂಗೋಲಿ ಪುಡಿಯಂಥ ನಯವಾದ ಧೂಳು ಫಿಲ್ಟರನ್ನು ಬೇಗ ಮುಚ್ಚುತ್ತದೆ. ತೊಳೆಯಬಹುದಾದ ಫಿಲ್ಟರೇ ಆದರೂ ಪೂರ್ತಿ ಒಣಗುವ ಮೊದಲು ಹಾಕಕೂಡದು.

ಇಷ್ಟೆಲ್ಲ ನಾವೇ ಮಾಡುವುದಾದರೆ ಯಂತ್ರ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ದಿನವೂ ನೆಲ ಗುಡಿಸುವುದಕ್ಕೂ ವಾರಕ್ಕೊಮ್ಮೆ ಹತ್ತು ನಿಮಿಷ ಯಂತ್ರ ಒರೆಸುವುದಕ್ಕೂ ಬಹಳ ಅಂತರವಿದೆ. ನನಗೆ ಒಪ್ಪಿಗೆಯಾಗದಿರುವುದು 'ತಿಂಗಳುಗಟ್ಟಲೆ ಮುಟ್ಟಬೇಕಿಲ್ಲ' ಎಂಬ ಜಾಹೀರಾತು. ತಾನೇ ಕಸ ಖಾಲಿ ಮಾಡುವ ಡಾಕ್ (ಚಾರ್ಜಿಂಗ್ ನಿಲ್ದಾಣ) ಯಂತ್ರದ ಕಸದ ಡಬ್ಬಿಯನ್ನು ಬರಿದು ಮಾಡುತ್ತದೆ, ಅಷ್ಟೆ; ಚಕ್ರದ ಅಚ್ಚಿನ ಕೂದಲನ್ನು ಕತ್ತರಿಸುವುದಿಲ್ಲ.

ಮನೆಯ ರಿಪೇರಿಗೆ ಗಡಿಯೂ ಇದೆ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅದನ್ನು ಬಿಚ್ಚಬಾರದು, ಚಾರ್ಜ್ ಮಾಡಬಾರದು. ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಬೇಕು. ಇನ್ನೊಂದು ಗಡಿ ಕಂಪನಿಯ ಸರ್ವರ್. ಆ್ಯಪ್ ಅದನ್ನೇ ನೆಚ್ಚಿಕೊಂಡಿದ್ದರೆ, ಸರ್ವರ್ ಮುಚ್ಚಿದ ದಿನ ಮೋಟಾರು ಗಟ್ಟಿಯಾಗಿದ್ದರೂ ನಕ್ಷೆ, ವೇಳಾಪಟ್ಟಿಗಳು ಕೈತಪ್ಪುತ್ತವೆ. ಲೇಸರಿನಿಂದ ಕೋಣೆ ಅಳೆಯುವ ರೋಬೋಟುಗಳನ್ನು ಮನೆಗೆ ತಂದ ನೀಟೊ ಕಂಪನಿಯೇ 2023ರಲ್ಲಿ ಬಾಗಿಲು ಹಾಕಿತು. ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯಲ್ಲಿ ವೈಫೈ ಇಲ್ಲದೆ, ಬರಿಯ ಗುಂಡಿ ಒತ್ತಿ ಯಂತ್ರವನ್ನು ಓಡಿಸಿ ನೋಡಿ. ಬ್ರಷ್, ಫಿಲ್ಟರ್, ಬ್ಯಾಟರಿ ಬಿಡಿಯಾಗಿ ಸಿಗುತ್ತವೆಯೇ ಎಂದೂ ವಿಚಾರಿಸಿ.