ಬುರಿಟಿ ಎಣ್ಣೆಯ ಅತಿಸೂಕ್ಷ್ಮ ಹನಿಗಳು

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಆದರೂ ಹಾಲಿನಲ್ಲಿ ಕೊಬ್ಬು ಸಣ್ಣ ಹನಿಗಳಾಗಿ ನೀರಿನ ತುಂಬ ಹರಡಿಕೊಂಡಿರುತ್ತದೆ. ಇಂಥ ಮಿಶ್ರಣವೇ ಎಮಲ್ಷನ್. ಹನಿಗಳ ಗಾತ್ರ ಸುಮಾರು 20ರಿಂದ 200 ನ್ಯಾನೋಮೀಟರ್ ಇದ್ದರೆ ಅದು ನ್ಯಾನೋಎಮಲ್ಷನ್.

ಈ ವಿಷಯ ಓದುವಾಗ ನನ್ನ ಗಮನ ಸೆಳೆದದ್ದು ಬುರಿಟಿ. ಇದು ಬ್ರೆಜಿಲಿನ ಅಮೆಜಾನ್ ಪ್ರದೇಶದ ಜೌಗು ನೆಲದಲ್ಲಿ ಬೆಳೆಯುವ ತಾಳೆ ಜಾತಿಯ ಮರ. ಇದರ ಹಣ್ಣಿನ ಕಿತ್ತಳೆ ಬಣ್ಣದ ತಿರುಳಿನಿಂದ ತೆಗೆದ ಎಣ್ಣೆಯಲ್ಲಿ ಬೀಟಾ ಕ್ಯಾರೋಟೀನ್ ಹೇರಳವಾಗಿದೆ. ನಮ್ಮ ದೇಹ ಅದನ್ನು ‘ಎ’ ವಿಟಮಿನ್ ಆಗಿ ಮಾರ್ಪಡಿಸುತ್ತದೆ. ಈ ವಿಟಮಿನ್ ಕೊರತೆಯಾದರೆ ಇರುಳುಗಣ್ಣು ಬರುತ್ತದೆ. ಕೊರತೆ ತೀವ್ರವಾದರೆ ಮಕ್ಕಳು ದೃಷ್ಟಿಯನ್ನೇ ಕಳೆದುಕೊಳ್ಳಬಹುದು. ಆದರೆ ಬೀಟಾ ಕ್ಯಾರೋಟೀನ್ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅದನ್ನು ಪಾನೀಯಕ್ಕೆ ಬೆರೆಸುವುದು ಕಷ್ಟ.

ಇದಕ್ಕೆ ಒಂದು ಉಪಾಯವಿದೆ. ಎಣ್ಣೆ ಮತ್ತು ನೀರಿಗೆ ಲೆಸಿಥಿನ್‌ನಂಥ ಎಮಲ್ಸಿಫೈಯರ್ ಸೇರಿಸಿ, ಅಧಿಕ ಒತ್ತಡದಿಂದ ಅಥವಾ ಅಲ್ಟ್ರಾಸೌಂಡ್‌ನಿಂದ ಹನಿಗಳನ್ನು ಒಡೆಯುತ್ತಾರೆ. ಲೆಸಿಥಿನ್ ಅಣುವಿನ ಒಂದು ತುದಿ ಎಣ್ಣೆಯತ್ತ, ಇನ್ನೊಂದು ನೀರಿನತ್ತ ತಿರುಗಿ ನಿಲ್ಲುತ್ತದೆ. ಇದರಿಂದ ಹನಿಗಳು ಮತ್ತೆ ಸುಲಭವಾಗಿ ಒಂದಾಗುವುದಿಲ್ಲ.

ನಾನು ಲೆಕ್ಕ ಹಾಕಿ ನೋಡಿದೆ: 1 ಮಿಲಿಲೀಟರ್ ಎಣ್ಣೆಯನ್ನು 100 ನ್ಯಾನೋಮೀಟರ್ ವ್ಯಾಸದ ಹನಿಗಳಾಗಿ ಒಡೆದರೆ ಒಟ್ಟು ಮೇಲ್ಮೈ 60 ಚದರ ಮೀಟರ್! ಒಂದು ತರಗತಿ ಕೋಣೆಯ ನೆಲದಷ್ಟು. ಮೇಲ್ಮೈ ಹೆಚ್ಚಿದಂತೆ ಜೀರ್ಣಕಿಣ್ವಗಳು ಬೇಗ ಕೆಲಸ ಮಾಡುತ್ತವೆ. ಆದರೆ ಅದೇ ಮೇಲ್ಮೈಯಲ್ಲಿ ಆಮ್ಲಜನಕಕ್ಕೂ ಹೆಚ್ಚು ಅವಕಾಶ. ಬೀಟಾ ಕ್ಯಾರೋಟೀನ್ ಬೇಗ ಕೆಡಬಹುದು. ಅದಕ್ಕಾಗಿಯೇ ‘ಇ’ ವಿಟಮಿನ್‌ನಂಥ ಉತ್ಕರ್ಷಣ ನಿರೋಧಕಗಳನ್ನು ಸೇರಿಸಿ, ಬೆಳಕು, ಶಾಖ, ಗಾಳಿ ತಾಗದಂತೆ ಇಡಬೇಕು.

ಗೆಳೆಯರೇ, ಹನಿ ಎಷ್ಟು ಚಿಕ್ಕದಾಯಿತು ಎಂಬುದಷ್ಟೇ ಮುಖ್ಯವಲ್ಲ. ಅದರೊಳಗಿನ ಪೋಷಕಾಂಶ ಕುಡಿಯುವವರಿಗೆ ಕೆಡದೆ ತಲುಪಿತೇ ಎಂಬುದನ್ನೂ ನೋಡಬೇಕು.