ಅಕ್ಕ ಹೋದ ಮ್ಯಾಲ ತಂಗಿನ್ನ ಕೇಳೋರ್ಯಾರು?

ಮನೆಯ ಹಿರಿಜೀವ ಹೋದಾಗ ಮಾತಾಡಿಸಲು ಬಂದವರು ಮೊದಲು ಹುಡುಕುವುದು ಮಕ್ಕಳನ್ನು. ಮಗನ ಕೈ ಹಿಡಿಯುತ್ತಾರೆ, ಮಗಳನ್ನು ತಬ್ಬಿಕೊಂಡು ಅಳುತ್ತಾರೆ, ಮೊಮ್ಮಕ್ಕಳ ತಲೆ ನೇವರಿಸುತ್ತಾರೆ. ಗೋಡೆಗೆ ಒರಗಿ ಕೂತ ತಂಗಿಯ ಕಡೆ ನೋಡುವವರು ಕಡಿಮೆ. ಅವಳಿಗೂ ವಯಸ್ಸಾಗಿದೆ, ಲೋಕ ಕಂಡವಳು, ಅವಳೇ ನಾಲ್ಕು ಮಂದಿಗೆ ಸಮಾಧಾನ ಹೇಳಲಿ ಎಂಬ ಲೆಕ್ಕ.

ಕಲಬುರಗಿಯ ಶಹಾಬಜಾರದಿಂದ ಓದುಗರೊಬ್ಬರು ಬರೆದ ಪತ್ರದಲ್ಲಿ ಇದೇ ಸಂಕಟವಿದೆ. ಅಕ್ಕ ಹೋಗಿ ಎರಡು ತಿಂಗಳಾಯಿತಂತೆ. “ನಮ್ಮವ್ವ ಹೋದ ಮ್ಯಾಲ ನನಗ ತವರು ಅಂದ್ರ ಅಕ್ಕನ ಮನೀನೇ ಇತ್ತು. ಈಗ ಪಂಚಮಿಗೆ ಎಲ್ಲಿಗೆ ಹೋಗ್ಲಿ? ಎಲ್ಲಾರೂ ಆಕಿ ಮಕ್ಕಳಿಗೆ ಸಮಾಧಾನ ಹೇಳ್ಲತಾರ, ನನಗ ಯಾರೂ ಕೇಳವಲ್ರು” ಎಂದಿದ್ದಾರೆ. ಅಕ್ಕ ದಿನವೂ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಿದವರಲ್ಲ. ಶ್ರಾವಣ ಸೋಮವಾರ ತಪ್ಪದೆ ಶರಣಬಸವೇಶ್ವರ ಗುಡಿಗೆ ನಡೆದೇ ಹೋಗುತ್ತಿದ್ದರು. ಉರುಸಿನ ದಿನಗಳಲ್ಲಿ ಪಕ್ಕದ ಮನೆಯವರ ಕೈಲಿ ಖಾಜಾ ಬಂದೇನವಾಜ್ ದರ್ಗಾಕ್ಕೆ ಸಕ್ಕರೆ ಕೊಟ್ಟು ಕಳಿಸುತ್ತಿದ್ದರು. ಮಾಳಿಗೆಯ ಮೇಲೆ ಹಕ್ಕಿಗೆ ಜೋಳ ಚೆಲ್ಲುತ್ತಿದ್ದರು. ಈಗ ಮನೆಗೆ ಬೀಗ ಬಿದ್ದಿದೆ. ಮೊಮ್ಮಗಳಿಗೆ ಪೂಜೆಯಲ್ಲಿ ನಂಬಿಕೆ ಇಲ್ಲ. ಅಕ್ಕನ ಒಂದು ಜೊತೆ ಬಳೆ ಕೇಳಬೇಕೆಂಬ ಆಸೆ ಇದೆ, ಕೇಳಲು ಸಂಕೋಚ. ಪತ್ರದ ತಿರುಳು ಇಷ್ಟು.

ಸೋದರಿ, ಮೊದಲ ಮಾತು: ನಿಮ್ಮ ದುಃಖ ಎರಡನೇ ಸಾಲಿನದಲ್ಲ. ಮಕ್ಕಳು ತಾಯಿಯನ್ನು ಕಂಡಿದ್ದು ತಾಯಾದ ಮೇಲೆ. ಲಂಗ ತೊಟ್ಟು ಕುಂಟಬಿಲ್ಲೆ ಆಡಿದ, ನಿಮ್ಮ ಜಡೆ ಹೆಣೆದ, ಅವ್ವನ ಬೈಗುಳವನ್ನು ನಿಮ್ಮ ಪಾಲಿಗೆ ತಾನೇ ತಿಂದ ಹುಡುಗಿಯನ್ನು ಬಲ್ಲವರು ಇನ್ನು ಈ ಭೂಮಿಯ ಮೇಲೆ ನೀವೊಬ್ಬರೇ ಇರಬಹುದು. ಅಕ್ಕನ ಜೊತೆಗೆ ನಿಮ್ಮ ಬಾಲ್ಯದ ಸಾಕ್ಷಿಯೂ ಹೋದಂತಾಗಿದೆ. ಅದು ನೋಯದೆ ಇರುತ್ತದೆಯೇ?

ಒಡಹುಟ್ಟಿದವರ ದುಃಖಕ್ಕೆ ನಮ್ಮ ಶರಣ ಪರಂಪರೆಯಲ್ಲಿ ದೊಡ್ಡ ಜಾಗ ಇದೆ. ಅಕ್ಕನಾಗಮ್ಮ ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ. ಅವರ ವಚನಗಳ ಅಂಕಿತದಲ್ಲೇ ತಮ್ಮನ ಹೆಸರಿದೆ. ತಮ್ಮ ಲಿಂಗೈಕ್ಯನಾದ ಮೇಲಿನ ಬರಿದಾದ ಬದುಕನ್ನು ಅವರು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ಶರಣೆಯೇ ಅತ್ತಿರುವಾಗ, “ಲಿಂಗೈಕ್ಯ ಆದವರಿಗೆ ಅಳಬಾರದು” ಎಂದು ಯಾರಾದರೂ ನಿಮ್ಮ ಬಾಯಿ ಮುಚ್ಚಿಸಿದರೆ ಕೇಳಬೇಡಿ. ನಂಬಿಕೆ ಇದ್ದವರಿಗೆ ಕಣ್ಣೀರು ಇರಬಾರದೆಂದು ಯಾವ ಶರಣರೂ ಹೇಳಿದ್ದು ನಾನಂತೂ ಓದಿಲ್ಲ.

ಇನ್ನು ಬಳೆಯ ಮಾತು. ಇದರಲ್ಲಿ ಕಾನೂನು ಬೇರೆ, ಕರುಳು ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. ಹೆಣ್ಣುಮಗಳೊಬ್ಬಳು ಉಯಿಲು ಬರೆಯದೆ ತೀರಿಕೊಂಡರೆ ಆಕೆಯ ಆಸ್ತಿ, ಚಿನ್ನ ಮೊದಲು ಹೋಗುವುದು ಗಂಡನಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಸಮಪಾಲಾಗಿ. ಮೊದಲೇ ತೀರಿಹೋದ ಮಗ ಅಥವಾ ಮಗಳಿದ್ದರೆ ಆ ಪಾಲು ಅವರ ಮಕ್ಕಳಿಗೆ. ಇವರೆಲ್ಲ ಇರುವಾಗ ತಂಗಿಗೆ ಪಾಲಿಲ್ಲ. ಹಾಗಾಗಿ ಹಕ್ಕೆಂದು ಕೇಳಬೇಡಿ, ನೆನಪಿಗೆಂದು ಕೇಳಿ. ಅದೂ ಬಂಗಾರದ್ದಲ್ಲ. “ಅಕ್ಕ ದಿನಾ ಉಡ್ತಿದ್ದ ಒಂದು ಇಳಕಲ್ ಸೀರಿ, ಪೂಜಾದ ತಾಮ್ರದ ತಂಬಿಗಿ ನನಗ ಕೊಡ್ರಿ” ಎಂದು ಕೇಳಿ ನೋಡಿ. ಬಳೆ ಕೇಳಿದರೆ ಲೆಕ್ಕ ಶುರುವಾಗುತ್ತದೆ, ತಂಬಿಗೆ ಕೇಳಿದರೆ ಮಕ್ಕಳ ಕಣ್ಣು ತುಂಬುತ್ತದೆ. ಅವರಾಗೇ ಬಳೆ ತಂದುಕೊಟ್ಟರೆ ಬೇಡ ಅನ್ನಬೇಡಿ! (ಅಕ್ಕನ ಗಂಡುಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಮಾತು. ಬಂಗಾರ ಹಂಚಿಕೊಳ್ಳುವಾಗ ಅಕ್ಕತಂಗಿಯರನ್ನು ಬಿಟ್ಟು ಕೂಡಬೇಡಿ. ಹೆಣ್ಣುಮಕ್ಕಳದೂ ಅಷ್ಟೇ ಪಾಲು.)

ಮನೆ ಮಂದಿ ದುಃಖದಲ್ಲಿ ಮರೆಯುವ ಕೆಲಸ ಇನ್ನೊಂದಿದೆ. ಮರಣ ನೋಂದಣಿ 21 ದಿನಗಳೊಳಗೆ ಆಗಬೇಕು. ತಡವಾದರೂ ಆಗುತ್ತದೆ, ಆದರೆ ದಂಡ ಮತ್ತು ಓಡಾಟ ಹೆಚ್ಚು. ಕಲಬುರಗಿ ನಗರದೊಳಗಾದರೆ ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿ. ಬ್ಯಾಂಕು, ಪಿಂಚಣಿ, ಮನೆಯ ಖಾತೆ ಬದಲಾವಣೆ ಎಲ್ಲಕ್ಕೂ ಪತ್ರ ಬೇಕಾಗುತ್ತದೆ, ಐದಾರು ಪ್ರತಿ ತೆಗೆದಿಡಿ.

ಕಾಗದಪತ್ರಕ್ಕಿಂತ ಬೇಗ ಕಳೆದುಹೋಗುವುದು ದನಿ. ಅಕ್ಕನ ಮೊಬೈಲ್ ರೀಚಾರ್ಜ್ ಮಾಡದೆ ಬಿಟ್ಟರೆ ಕೆಲವು ತಿಂಗಳಲ್ಲಿ ಆ ನಂಬರ್ ಬೇರೆಯವರ ಪಾಲಾಗುತ್ತದೆ. ಅಷ್ಟರೊಳಗೆ ವಾಟ್ಸಾಪಿನಲ್ಲಿ ಅವರು ಕಳಿಸಿದ ಧ್ವನಿ ಸಂದೇಶಗಳನ್ನು ಮೊಮ್ಮಕ್ಕಳಿಗೆ ಹೇಳಿ ಬೇರೆ ಕಡೆ ಉಳಿಸಿಡಿಸಿ. “ಊಟ ಆಯ್ತೇನವಾ, ಯಾವಾಗ ಬರ್ತಿ?” ಎಂಬಷ್ಟೇ ಇರಲಿ, ಮುಂದೆ ಅದರ ಬೆಲೆ ಗೊತ್ತಾಗುತ್ತದೆ.

ಈಗ ಮೊಮ್ಮಗಳ ವಿಚಾರ. ಇಷ್ಟಲಿಂಗ ಕೊರಳಲ್ಲಿ ಕಟ್ಟಿಕೊಂಡವರಿಗೆ ಅದು ಕೊನೆಯವರೆಗಿನ ಸಂಗಾತಿ, ಸಮಾಧಿಯಲ್ಲೂ ಅವರ ಅಂಗೈಯಲ್ಲೇ ಉಳಿಯುತ್ತದೆ. ಅಕ್ಕನ ಪೂಜೆ ಅಕ್ಕನ ಜೊತೆಗೇ ಹೋಯಿತು, ಅದು ಯಾರಿಗೂ ಬಿಟ್ಟುಹೋದ ಸಾಲವಲ್ಲ. “ನಿಮ್ಮಾಯಿ ಆತ್ಮಕ್ಕ ಶಾಂತಿ ಸಿಗಬೇಕಂದ್ರ ನೀ ಪೂಜಾ ಮಾಡ್ಬೇಕು” ಎಂದು ಹುಡುಗಿಯ ಮೇಲೆ ಹೇರಬೇಡಿ. ಹೇರಿದರೆ ಆಕೆಗೆ ಆಯಿಯ ನೆನಪೂ ಭಾರವಾಗುತ್ತದೆ. ಬದಲಿಗೆ ಆಯಿ ಯಾಕೆ ನಂಬುತ್ತಿದ್ದರು ಎಂಬುದನ್ನು ಹೇಳಿ. ಬರಗಾಲದಲ್ಲಿ ಏನು ಉಂಡಿರಿ, ಯಾವ ಕಾಯಿಲೆಯಲ್ಲಿ ಏನು ಹರಕೆ ಹೊತ್ತರು, ದರ್ಗಾಕ್ಕೆ ಸಕ್ಕರೆ ಕಳಿಸುವ ರೂಢಿ ಯಾರಿಂದ ಬಂತು? ನಂಬಿಕೆಯ ಹಿಂದೆ ಒಂದು ಬಾಳು ಇರುತ್ತದೆ. ಹುಡುಗಿ ದೇವರನ್ನು ಒಪ್ಪಲಿ ಬಿಡಲಿ, ಆ ಬಾಳನ್ನು ಒಪ್ಪುತ್ತಾಳೆ.

ನಮ್ಮ ಭಾಗದ ಹಿರಿಯ ಹೆಣ್ಣುಮಕ್ಕಳ ಬಾಳಿನಲ್ಲಿ ಹೇಳುವಂಥದ್ದು ಬಹಳ ಇದೆ. ಕಲಬುರಗಿ ಆಗ ನಿಜಾಮರ ಆಳ್ವಿಕೆಯಲ್ಲಿತ್ತು, ಶಾಲೆಗಳಲ್ಲಿ ಉರ್ದುವಿನದೇ ಕಾರಬಾರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತನಕ ರಜಾಕಾರರ ಹೆದರಿಕೆಗೆ ಎಷ್ಟೋ ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಅದನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ದಾಟಿದೆ. ಅವರಿಂದ ಕೇಳಿಸಿಕೊಂಡವರು ಅಕ್ಕ ಮತ್ತು ನೀವು. ಒಂದು ದೊಡ್ಡ ನೋಟ್‌ಬುಕ್ ತನ್ನಿ. ವಾರಕ್ಕೊಂದು ಸಂಜೆ ನೀವು ಹೇಳಿ, ಮೊಮ್ಮಗಳು ಬರೆಯಲಿ. ಊರಲ್ಲಿಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಅಕ್ಕ ಎಲ್ಲಿ ಹುಟ್ಟಿದರು, ಎಷ್ಟನೇ ವರ್ಷಕ್ಕೆ ಮದುವೆ, ಶಾಲೆ ಬಿಡಿಸಿದಾಗ ಅತ್ತರೋ ಸುಮ್ಮನಾದರೋ, ಮೊದಲ ಹೆರಿಗೆ ಎಲ್ಲಾಯಿತು. ಅವರ ಪುಂಡಿಪಲ್ಯಕ್ಕೆ ಜೋಳದ ನುಚ್ಚು ಎಷ್ಟು ಹಿಡಿ ಬೀಳುತ್ತಿತ್ತು, ಎಳ್ಳಮವಾಸಿ ಭಜ್ಜಿಗೆ ಯಾವ ಯಾವ ಕಾಯಿಪಲ್ಯ, ಬೀಸುವಾಗ ಹಾಡುತ್ತಿದ್ದ ಪದ ಯಾವುದು. ಸಿಟ್ಟು ಬಂದರೆ ಹೇಗೆ ಬೈಯುತ್ತಿದ್ದರು ಎಂಬುದನ್ನೂ ಬರೆಸಿ. ಬರೀ ಒಳ್ಳೆಯದನ್ನೇ ಬರೆದರೆ ಗೋಡೆಯ ಫೋಟೋ ಆಗುತ್ತದೆ, ಅಕ್ಕ ಆಗುವುದಿಲ್ಲ.

ಮಕ್ಕಳು ಅಕ್ಕನ ಹೆಸರಲ್ಲಿ ಏನಾದರೂ ಮಾಡಬೇಕೆಂದರೆ ದೊಡ್ಡ ಪೆಂಡಾಲ್, ಬ್ಯಾನರ್ ಬೇಡವೆನ್ನಿ. ಅರಳಗುಂಡಗಿಯಿಂದ ಬಂದು ಕಲಬುರಗಿಯಲ್ಲಿ ನೆಲೆಸಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವರ ದಾರಿಯೇ ದಾಸೋಹದ್ದು. ಆ ಸಂಸ್ಥಾನದಲ್ಲಿ ಇಂದಿಗೂ ದಾಸೋಹವಿದೆ. ವರ್ಷಕ್ಕೊಮ್ಮೆ ಅಕ್ಕನ ದಿನಕ್ಕೆ ಒಂದು ಚೀಲ ಜೋಳವೋ ತೊಗರಿಬೇಳೆಯೋ ಅಲ್ಲಿಗೆ ಮುಟ್ಟಿಸಿದರೆ ಸಾಕು. ಓಣಿಯ ಬಡ ಹುಡುಗಿಯೊಬ್ಬಳ ಪರೀಕ್ಷಾ ಶುಲ್ಕ ಕಟ್ಟಿದರೂ ದಾಸೋಹವೇ.

ನಿಮ್ಮ ಮೈಮನಸ್ಸಿನ ಕಡೆಗೂ ನಿಗಾ ಇರಲಿ. ಎರಡು ತಿಂಗಳಿಗೆ ನಿದ್ದೆ ಸರಿಯಾಗಿ ಬರದೆ ಇರುವುದು, ರೊಟ್ಟಿ ಬಡಿಯುವಾಗ ಇದ್ದಕ್ಕಿದ್ದಂತೆ ಅಳು ಬರುವುದು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯೂ, ತೀವ್ರ ದುಃಖ ಕನಿಷ್ಠ ಆರು ತಿಂಗಳು ಕಳೆದರೂ ಬಿಡದೆ ದಿನನಿತ್ಯದ ಬದುಕನ್ನೇ ಕೆಡಿಸಿದಾಗ ಮಾತ್ರ ಅದನ್ನು ಕಾಯಿಲೆ ಎನ್ನುತ್ತದೆ. ಆದರೆ ಊಟ ಸೇರದೆ ತೂಕ ಇಳಿಯುತ್ತಿದ್ದರೆ, ಬಿಪಿ ಸಕ್ಕರೆ ಗುಳಿಗೆ ಬಿಟ್ಟಿದ್ದರೆ, “ನಾನೂ ಆಕಿ ಹಿಂದ ಹೋಗ್ತೀನಿ” ಎಂಬ ಯೋಚನೆ ಬರುತ್ತಿದ್ದರೆ ಆರು ತಿಂಗಳು ಕಾಯಬಾರದು, ಕೂಡಲೇ ವೈದ್ಯರನ್ನು ಕಾಣಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪಂಚಮಿಯ ಪ್ರಶ್ನೆ ಉಳಿಯಿತು. ವರ್ಷ ತುಂಬುವ ತನಕ ಹಬ್ಬ ಮಾಡದ ಮನೆಗಳಿವೆ, ಅದು ನಿಮ್ಮ ಮನೆತನದ ರೂಢಿಗೆ ಬಿಟ್ಟದ್ದು. ಆದರೆ ಒಬ್ಬರೇ ಕೂಡಬೇಡಿ. ಅಕ್ಕನ ಮಗಳಿಗೆ ಈಗಲೇ ಫೋನ್ ಮಾಡಿ. ಅವಳಿಗೂ ಈ ಸಲ ತವರಿನ ಬಾಗಿಲಿಗೆ ಬೀಗ. “ಬಾರವಾ, ಈ ವರ್ಷ ನಮ್ಮನೀಗೇ ಬಾ” ಎನ್ನಿ. ತಂಬಿಟ್ಟು, ಅಳ್ಳು ಮಾಡದಿದ್ದರೂ ಇಬ್ಬರೂ ಕೂತು ಉಣ್ಣಬಹುದು. ಮಾಳಿಗೆಯ ಹಕ್ಕಿಗಳ ಚಿಂತೆ ಬೇಡ, ಅವು ಶಹಾಬಜಾರದ್ದೇ ಹಕ್ಕಿಗಳು. ನಿಮ್ಮ ಮಾಳಿಗೆಯ ಮೇಲೆ ನಸುಕಿನಲ್ಲಿ ಒಂದು ಬೊಗಸೆ ಜೋಳ, ಮಣ್ಣಿನ ಪರಿಯಾಣದಲ್ಲಿ ನೀರು ಇಡಿ, ಎಂಟು ದಿನದಲ್ಲಿ ದಾರಿ ಕಂಡುಕೊಳ್ಳುತ್ತವೆ.