ಅಗ್ನಿಶಾಮಕ ದಳದಲ್ಲಿ ಉದ್ಯೋಗ: ಎಲ್ಲಿ ಹುಡುಕಬೇಕು, ಹೇಗೆ ಸಿದ್ಧರಾಗಬೇಕು?



1944ರ ಏಪ್ರಿಲ್ 14ರಂದು ಬೊಂಬಾಯಿಯ ಹಡಗುಕಟ್ಟೆಯಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಹೇರಿಕೊಂಡಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಹೊತ್ತಿ ಸಿಡಿಯಿತು. ಬೆಂಕಿ ನಂದಿಸಲು ಹೋದ 60ಕ್ಕೂ ಹೆಚ್ಚು ಅಗ್ನಿಶಾಮಕರು ಮಡಿದರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ಶಾಲೆಯ ಅಂಗಳಕ್ಕೆ ಬಂದ ಕೆಂಪು ವಾಹನವನ್ನು ಕಂಡು ‘ನಾನೂ ಈ ಕೆಲಸಕ್ಕೆ ಸೇರಬಹುದೇ?’ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಖಂಡಿತ ಸೇರಬಹುದು. ಆದರೆ ಈ ಉದ್ಯೋಗ ಅರ್ಜಿ ಕರೆದ ಮೇಲೆ ಎಚ್ಚೆತ್ತವರಿಗಿಂತ, ಮೊದಲೇ ಸಿದ್ಧರಾಗಿ ಕಾದವರಿಗೆ ಸುಲಭ.

ಮೊದಲು ಕೆಲಸವನ್ನು ತಿಳಿಯಿರಿ. ಬೆಂಕಿ ನಂದಿಸುವುದು ಅದರ ಒಂದು ಭಾಗ ಮಾತ್ರ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದಾಗ ಅವಶೇಷಗಳಡಿ ಸಿಲುಕಿದವರನ್ನು ಹೊರತೆಗೆಯಲು ಹಗಲಿರುಳು ದುಡಿದವರಲ್ಲಿ ಅಗ್ನಿಶಾಮಕರೂ ಇದ್ದರು. ನೆರೆ, ರಸ್ತೆ ಅಪಘಾತ, ಬಾವಿಗೆ ಬಿದ್ದ ಜಾನುವಾರು, ಎಲ್ಲಕ್ಕೂ ಕರೆ ಬರುವುದು ಇವರಿಗೇ. ಇಲಾಖೆಯ ಹೆಸರೇ ಈಗ ‘ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’. ರಾತ್ರಿ ಪಾಳಿ, ಹೊಗೆ, ಎತ್ತರ, ಸಾವಿನ ದೃಶ್ಯ ಇವುಗಳಿಗೆ ಮನಸ್ಸು ಗಟ್ಟಿಯಿರಬೇಕು.

ನೇಮಿಸಿಕೊಳ್ಳುವವರು ಯಾರು?

ಮೊದಲನೆಯದು ರಾಜ್ಯ ಇಲಾಖೆ. 2020ರಲ್ಲಿ ಅದು ಅರ್ಜಿ ಕರೆದಾಗ ಅಗ್ನಿಶಾಮಕರ ಹುದ್ದೆಗಳೇ 1,222 ಇದ್ದವು, ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಜೊತೆಗೆ ಚಾಲಕರು, ಚಾಲಕ ತಂತ್ರಜ್ಞರು ಮತ್ತು ಪದವೀಧರರಿಗೆ ಅಗ್ನಿಶಾಮಕ ಠಾಣಾಧಿಕಾರಿ ಹುದ್ದೆಗಳಿದ್ದವು. ಇಂಥ ದೊಡ್ಡ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. ಒಂದನ್ನು ತಪ್ಪಿಸಿಕೊಂಡವರಿಗೆ ಮುಂದಿನದು ಬರುವ ಹೊತ್ತಿಗೆ ವಯಸ್ಸು ಮೀರಿರಬಹುದು.

ಎರಡನೆಯದು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿ.ಐ.ಎಸ್.ಎಫ್. ಇದಕ್ಕೆ ಪ್ರತ್ಯೇಕ ಅಗ್ನಿಶಾಮಕ ವಿಭಾಗವಿದೆ. 2024ರಲ್ಲಿ 1,130 ಕಾನ್‌ಸ್ಟೆಬಲ್ (ಫೈರ್) ಹುದ್ದೆಗಳಿಗೆ ಪುರುಷ ಅಭ್ಯರ್ಥಿಗಳಿಂದ ಅರ್ಜಿ ಕರೆಯಲಾಗಿತ್ತು. ವಿಜ್ಞಾನ ವಿಷಯದಲ್ಲಿ ಪಿಯುಸಿ, 18ರಿಂದ 23ರ ವಯಸ್ಸು, ಸಾಮಾನ್ಯವಾಗಿ 170 ಸೆಂ.ಮೀ. ಎತ್ತರ ಬೇಕಿತ್ತು, 5 ಕಿ.ಮೀ. ದೂರವನ್ನು 24 ನಿಮಿಷದಲ್ಲಿ ಓಡಬೇಕಿತ್ತು.

ಮೂರನೆಯದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಇಲ್ಲಿನ ಕಿರಿಯ ಸಹಾಯಕ (ಅಗ್ನಿಶಾಮಕ ಸೇವೆ) ಹುದ್ದೆಗೆ ಪಿಯುಸಿ ಅಥವಾ ಹತ್ತನೆಯ ತರಗತಿಯ ನಂತರ ಮೂರು ವರ್ಷದ ನಿಗದಿತ ಡಿಪ್ಲೊಮಾ, ಜೊತೆಗೆ ವಾಹನ ಚಾಲನಾ ಪರವಾನಗಿ ಕೇಳುತ್ತಾರೆ. ಇನ್ನು ತೈಲ ಶುದ್ಧೀಕರಣ ಘಟಕ, ಬಂದರು, ಅಣುವಿದ್ಯುತ್ ಸ್ಥಾವರ, ಉಕ್ಕಿನ ಕಾರ್ಖಾನೆಗಳಿಗೂ ಅಗ್ನಿಶಾಮಕ ಸಿಬ್ಬಂದಿ ಬೇಕು. ಇಂಥ ಕಡೆ ಮೊದಲೇ ಪಡೆದ ತರಬೇತಿಯ ಪ್ರಮಾಣಪತ್ರ, ಭಾರಿ ವಾಹನದ ಪರವಾನಗಿ ಕೇಳುವುದುಂಟು.

ವಿದ್ಯಾರ್ಥಿನಿಯರು ಪ್ರತಿ ಅಧಿಸೂಚನೆಯಲ್ಲೂ ತಮಗೆ ಅವಕಾಶವಿದೆಯೇ ಎಂದು ಓದಿ ನೋಡಬೇಕು. 2002ರಲ್ಲಿ ಹರ್ಷಿಣಿ ಕಾನ್ಹೇಕರ್ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜನ್ನು ಸೇರಿ, ಮುಂದೆ ದೇಶದ ಮೊದಲ ಮಹಿಳಾ ಅಗ್ನಿಶಾಮಕಿ ಎನಿಸಿದರು.

ಪ್ರಕಟಣೆ ಎಲ್ಲಿ ಬರುತ್ತದೆ?

ಆಯಾ ಇಲಾಖೆಯ ಅಧಿಕೃತ ಜಾಲತಾಣ, ದಿನಪತ್ರಿಕೆಗಳು, ಕೇಂದ್ರ ಸರ್ಕಾರದ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ವಾರಪತ್ರಿಕೆ, ಇವಿಷ್ಟನ್ನು ನೋಡುವ ಅಭ್ಯಾಸವಿಟ್ಟುಕೊಳ್ಳಿ. ಪತ್ರಿಕೆ ನಿಮ್ಮ ಊರಿನ ಗ್ರಂಥಾಲಯದಲ್ಲಿ ಸಿಗಬಹುದು. ಮೊಬೈಲಿಗೆ ಯಾರೋ ಕಳಿಸಿದ ಸುದ್ದಿಯನ್ನು ಅಧಿಕೃತ ಅಧಿಸೂಚನೆಯೊಂದಿಗೆ ಹೋಲಿಸದೆ ನಂಬಬೇಡಿ. ಸಂದೇಹವಿದ್ದರೆ ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ ವಿಚಾರಿಸಿ. ಆದರೆ 101 ಅಥವಾ 112ಕ್ಕೆ ಕರೆ ಮಾಡಿ ಕೇಳಬಾರದು. ಅವು ತುರ್ತು ಕರೆಗೆ ಮಾತ್ರ.

ಅರ್ಜಿ ಕರೆಯುವ ಮೊದಲೇ ಮಾಡಬೇಕಾದ್ದು

ಓಟ ಒಂದು ತಿಂಗಳಲ್ಲಿ ಕೈಗೂಡುವುದಿಲ್ಲ, ಇಂದೇ ಆರಂಭಿಸಿ. ಎತ್ತರ, ಎದೆಯ ಸುತ್ತಳತೆ, ದೃಷ್ಟಿ ಇವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಈಜು ಕಲಿಯಿರಿ, ಈ ಕೆಲಸದಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಅನೇಕರು ಎಡವುವುದು ಕಾಗದಪತ್ರದಲ್ಲಿ. ಜಾತಿ ಪ್ರಮಾಣಪತ್ರವಷ್ಟೇ ಸಾಲದು. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದರ ಮೀಸಲಾತಿ, ಕಲ್ಯಾಣ ಕರ್ನಾಟಕದವರಿಗೆ 371ಜೆ ವಿಧಿಯ ಸೌಲಭ್ಯ ರಾಜ್ಯದ ನೇಮಕಾತಿಗಳಲ್ಲಿವೆ. ಪ್ರತಿಯೊಂದಕ್ಕೂ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅಧಿಸೂಚನೆ ಹೇಳಿದ ದಿನಾಂಕದೊಳಗೆ ಅದನ್ನು ಪಡೆದಿರದಿದ್ದರೆ ಅರ್ಹತೆಯಿದ್ದೂ ಸೌಲಭ್ಯ ಕೈತಪ್ಪುತ್ತದೆ.

ಒಂದು ಎಚ್ಚರಿಕೆಯ ಮಾತು

‘ನಮ್ಮಲ್ಲಿ ಡಿಪ್ಲೊಮಾ ಮಾಡಿ, ಸರ್ಕಾರಿ ಅಗ್ನಿಶಾಮಕ ಕೆಲಸ ಖಾತ್ರಿ’ ಎನ್ನುವ ಜಾಹೀರಾತುಗಳನ್ನು ನೀವು ಕಂಡಿರಬಹುದು. ರಾಜ್ಯದ ಅಗ್ನಿಶಾಮಕ ಹುದ್ದೆಗೆ ಕೇಳುವುದು ಎಸ್ಸೆಸ್ಸೆಲ್ಸಿ. ತರಬೇತಿಯನ್ನು ಆಯ್ಕೆಯಾದ ಮೇಲೆ ಇಲಾಖೆಯೇ ಕೊಡುತ್ತದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಅದಕ್ಕೆಂದೇ ಆರ್.ಎ. ಮುಂಡ್ಕೂರ್ ಅಕಾಡೆಮಿಯಿದೆ. ಖಾಸಗಿ ಕೋರ್ಸು ಕಾರ್ಖಾನೆಯ ಕೆಲಸಕ್ಕೆ ನೆರವಾಗಬಹುದು. ಆದರೆ ಶುಲ್ಕ ಕಟ್ಟುವ ಮೊದಲು, ಆ ಪ್ರಮಾಣಪತ್ರವನ್ನು ಯಾವ ಉದ್ಯೋಗದಾತರು ಒಪ್ಪುತ್ತಾರೆ ಎಂದು ಲಿಖಿತವಾಗಿ ತೋರಿಸಲು ಕೇಳಿ. ಹುದ್ದೆ ಕೊಡಿಸುತ್ತೇನೆಂದು ಹಣ ಕೇಳುವವರಿಂದ ದೂರವಿರಿ. ಅಪ್ಪ ಅಮ್ಮ ಹೊಲ ಅಡವಿಟ್ಟು ತಂದ ಹಣ ಅದಾಗಿರಬಹುದು.

ಈ ವಾರ ಒಂದೇ ಕೆಲಸ ಮಾಡಿ. ಹಿಂದಿನ ನೇಮಕಾತಿಯ ಅಧಿಸೂಚನೆಯೊಂದನ್ನು ಪೂರ್ತಿ ಓದಿ, ನಿಮ್ಮಲ್ಲಿ ಇರುವುದು ಏನು, ಇಲ್ಲದ್ದು ಏನು ಎಂದು ಪಟ್ಟಿ ಬರೆಯಿರಿ. ಮುಂದಿನ ಅಧಿಸೂಚನೆ ಬರುವಷ್ಟರಲ್ಲಿ ಆ ಎರಡನೆಯ ಪಟ್ಟಿ ಖಾಲಿಯಾಗಿರಲಿ.